ಪಂಚಾಯಿತಿಯಲ್ಲಿ ಹುಡುಗರ ಮಾತು ಯಾರು ಕೇಳ್ತಾರೆ?

ಪ್ರಶ್ನೆ: ನನಗೆ 22 ವರ್ಷ. ನಮ್ಮೂರಲ್ಲಿ ಹದಿನೈದು ಜನ ಸೇರಿ ಒಂದು ಯುವ ಸಂಘ ಮಾಡಿಕೊಂಡಿದ್ದೇವೆ. ಹೋದ ವರ್ಷ ಕೆರೆ ದಂಡೆಯ ಕಸವನ್ನೆಲ್ಲ ಎತ್ತಿದೆವು. ಎರಡೇ ತಿಂಗಳಲ್ಲಿ ಮತ್ತೆ ಮೊದಲಿನ ಹಾಗೇ ಆಯಿತು. ಮನೆ ಮನೆಗೆ ಕಸದ ಗಾಡಿ ಬಿಡಿ ಎಂದು ಪಂಚಾಯಿತಿಗೆ ಹೋಗಿ ಕೇಳಿದರೆ ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) "ಅನುದಾನ ಇಲ್ಲ" ಅಂದರು. ವಾರ್ಡಿನ ಸದಸ್ಯರು "ನಿಮಗ್ಯಾಕ್ರಪ್ಪಾ ಇದೆಲ್ಲ, ಮೊದಲು ಕೆಲಸ ಹುಡುಕ್ಕೊಳ್ಳಿ" ಅಂತಾರೆ. ಗ್ರಾಮ ಸಭೆಗೆ ಜನ ಬರಲ್ಲ. ಸಂಘದ ಹುಡುಗಿಯರನ್ನು ಮನೆಯಲ್ಲಿ ಕಳಿಸಲ್ಲ. ನಾವು ಧರಣಿ ಕೂರಬೇಕಾ? ಇಲ್ಲ, ಮುಂದಿನ ಚುನಾವಣೆಗೇ ನಿಂತುಬಿಡಬೇಕಾ?

ಉತ್ತರ: ಧರಣಿಯೂ ತಪ್ಪಲ್ಲ, ಚುನಾವಣೆಯೂ ತಪ್ಪಲ್ಲ. ಆದರೆ ಅಲ್ಲಿಗೆ ಹೋಗುವ ಮುಂಚೆ ಒಂದು ಕೆಲಸ ಬಾಕಿ ಇದೆ. ನೀವು ಬಾಯಲ್ಲಿ ಕೇಳಿದ್ದೀರಿ, ಅವರು ಬಾಯಲ್ಲೇ ಇಲ್ಲ ಅಂದಿದ್ದಾರೆ. ಇದ್ಯಾವುದೂ ಪಂಚಾಯಿತಿಯ ಕಡತದಲ್ಲಿಲ್ಲ. ನಾಳೆ ಪಿಡಿಓ ವರ್ಗವಾಗಿ ಹೋದರೆ ಹೊಸಬರ ಪಾಲಿಗೆ ನಿಮ್ಮೂರಲ್ಲಿ ಕಸದ ಸಮಸ್ಯೆಯೇ ಇಲ್ಲ. ಪಂಚಾಯಿತಿಯಲ್ಲಿ ಒಂದು ಬೇಡಿಕೆ ಅರ್ಜಿಯಾಗಬೇಕು, ಸಭೆಯ ನಡಾವಳಿಯಲ್ಲಿ ಬರಬೇಕು, ಠರಾವು ಅಂದರೆ ನಿರ್ಣಯವಾಗಬೇಕು, ಕ್ರಿಯಾ ಯೋಜನೆಯಲ್ಲಿ ಸೇರಬೇಕು. ಆಮೇಲಷ್ಟೇ ಅದಕ್ಕೆ ದುಡ್ಡು. ಎಷ್ಟು ಜನ ಸೇರಿದರೂ, ಎಷ್ಟು ಫೋಟೊ ಹಾಕಿದರೂ ಈ ದಾರಿ ತಪ್ಪಿಸಿ ಹೋಗಲು ಆಗುವುದಿಲ್ಲ.

ಮೊದಲು ಆ "ಅನುದಾನ ಇಲ್ಲ" ಎನ್ನುವ ಮಾತನ್ನೇ ಹಿಡಿಯೋಣ. ಪಂಚಾಯಿತಿ ಕಚೇರಿಗಳಲ್ಲಿ ಇದಕ್ಕಿಂತ ಸುಲಭವಾಗಿ ಬರುವ ಉತ್ತರ ಇನ್ನೊಂದಿಲ್ಲ. ಕೆಲವೊಮ್ಮೆ ಅದು ನಿಜ. ಎಷ್ಟೋ ಸಲ ಅದರ ಅರ್ಥ "ಇರುವ ದುಡ್ಡನ್ನು ಬೇರೆ ಕೆಲಸಕ್ಕೆ ಆಗಲೇ ಹಂಚಿ ಆಗಿದೆ" ಅಂತ. ಯಾವುದು ಅನ್ನುವುದನ್ನು ನೀವೇ ನೋಡಿ ತಿಳಿಯಬಹುದು.

ಗ್ರಾಮ ಪಂಚಾಯಿತಿಗೆ ಕೇಂದ್ರ ಹಣಕಾಸು ಆಯೋಗದ ಅನುದಾನ ಬರುತ್ತದೆ. 15ನೇ ಹಣಕಾಸು ಆಯೋಗ 2021–22ರಿಂದ 2025–26ರವರೆಗಿನ ಐದು ವರ್ಷಕ್ಕೆ ಇದನ್ನು ಎರಡು ಭಾಗ ಮಾಡಿತ್ತು. ಶೇ 60ರಷ್ಟು ನಿರ್ಬಂಧಿತ, ಶೇ 40ರಷ್ಟು ಅನಿರ್ಬಂಧಿತ. ನಿರ್ಬಂಧಿತ ಅಂದರೆ ಇಂಥದ್ದಕ್ಕೇ ಖರ್ಚು ಮಾಡಬೇಕು ಅಂತ. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆ ನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ. ಇನ್ನರ್ಧ ನೈರ್ಮಲ್ಯಕ್ಕೆ. ಕಸ ನೈರ್ಮಲ್ಯದಲ್ಲಿ ಬರುತ್ತದೆ. ಅಂದರೆ ಆ ಐದು ವರ್ಷದಲ್ಲಿ ನಿಮ್ಮ ಪಂಚಾಯಿತಿಗೆ ಬಂದ ಈ ಅನುದಾನದ ಪ್ರತಿ ನೂರು ರೂಪಾಯಿಯಲ್ಲಿ ಮೂವತ್ತು ನೈರ್ಮಲ್ಯದ್ದು. ಅದು ಎಲ್ಲಿ ಹೋಯಿತು ಎಂದು ಕೇಳುವುದರಲ್ಲಿ ತಪ್ಪೇನಿದೆ? ಪಂಚಾಯಿತಿವಾರು ಯೋಜನೆ, ಪಾವತಿ ಎಲ್ಲವೂ ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಸಿಗುತ್ತವೆ. ಲಾಗಿನ್ ಕೂಡ ಬೇಡ. ಒಂದು ಭಾನುವಾರ ಇಬ್ಬರು ಕೂತು ನಿಮ್ಮ ಪಂಚಾಯಿತಿಯ ಮೂರು ವರ್ಷದ ಲೆಕ್ಕವನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಕೆಲವು ಕಡೆ ಕೆಲಸದ ಹೆಸರು ಅರ್ಥವೇ ಆಗದ ಹಾಗೆ ಹಾಕಿರುತ್ತಾರೆ. ಅವಕ್ಕೆ ಗುರುತು ಹಾಕಿಟ್ಟುಕೊಂಡು ಕಾರ್ಯದರ್ಶಿಯನ್ನೋ ಪಿಡಿಓ ಅವರನ್ನೋ ಕೇಳಿ.

ಎರಡನೇ ಮೂಲ ಪಂಚಾಯಿತಿಯ ಸ್ವಂತ ಆದಾಯ. ಮನೆ ಕಂದಾಯ, ನೀರಿನ ಕರ, ಅಂಗಡಿ ಬಾಡಿಗೆ ಇತ್ಯಾದಿ. ಇಲ್ಲಿ ನಿಮಗೊಂದು ಕಿವಿಮಾತು. ನಿಮ್ಮ ಹದಿನೈದೂ ಮನೆಗಳ ಕಂದಾಯ ಕಟ್ಟಿದೆಯಾ ನೋಡಿಕೊಳ್ಳಿ. ನೀವು ಲೆಕ್ಕ ಕೇಳಿದ ದಿನವೇ ಬಿಲ್ ಕಲೆಕ್ಟರ್ ನಿಮ್ಮ ಮನೆಯ ಬಾಕಿಯನ್ನು ಎಲ್ಲರೆದುರು ಓದುತ್ತಾರೆ. ಹಾಗೆ ಬಾಯಿ ಮುಚ್ಚಿಸಿಕೊಂಡ ಸಂಘಗಳು ಬೇಕಾದಷ್ಟಿವೆ.

ಇನ್ನು ಗಾಡಿ. ರಾಜ್ಯದ ಹಲವಾರು ಗ್ರಾಮ ಪಂಚಾಯಿತಿಗಳಿಗೆ ಸ್ವಚ್ಛ ಭಾರತ್ ಮಿಷನ್ ಅಡಿ ಕಸದ ಗಾಡಿ ಬಂದಿದೆ. ಅದನ್ನು ಓಡಿಸುವ, ಕಸ ವಿಂಗಡಿಸುವ ಕೆಲಸವನ್ನು ಬಹಳ ಕಡೆ ಸಂಜೀವಿನಿ ಒಕ್ಕೂಟದ (ಸ್ವಸಹಾಯ ಸಂಘಗಳ ಒಕ್ಕೂಟ) ಮಹಿಳೆಯರಿಗೆ ಕೊಟ್ಟಿದ್ದಾರೆ. ಗಾಡಿ ಬಂದೂ ಶೆಡ್‌ನಲ್ಲಿ ನಿಂತಿರುವ ಊರುಗಳೂ ಇವೆ. ಹಾಗಾಗಿ "ಗಾಡಿ ಬಿಡಿ" ಎಂದಷ್ಟೇ ಕೇಳಿದರೆ ನಿಮಗೆ ಸಿಗುವುದು "ನೋಡೋಣ" ಎಂಬ ಉತ್ತರ. ಬಿಡಿಸಿ ಕೇಳಿ. ಪಂಚಾಯಿತಿಗೆ ಗಾಡಿ ಇದೆಯಾ? ಒಕ್ಕೂಟದ ಜೊತೆ ಒಪ್ಪಂದ ಆಗಿದೆಯಾ? ಡ್ರೈವರ್ ಸಂಬಳ ಯಾವ ಬಾಬ್ತಿನಿಂದ? ಕಸ ವಿಲೇವಾರಿ ಘಟಕಕ್ಕೆ ಜಾಗ ಗುರುತಿಸಿದ್ದಾರಾ? ಬಹಳ ಊರಲ್ಲಿ ನಿಜವಾದ ತೊಡಕು ಜಾಗದ್ದೇ. ಘಟಕ ಯಾರಿಗೂ ತಮ್ಮ ಹೊಲದ ಪಕ್ಕ ಬೇಡ. ಹಾಗಿದ್ದರೆ ನಿಮ್ಮ ಅಭಿಯಾನ ಪಂಚಾಯಿತಿಯ ಬಾಗಿಲಲ್ಲಿ ನಡೆದು ಪ್ರಯೋಜನವಿಲ್ಲ. ಆ ಜಾಗದ ಸುತ್ತಲಿನ ನಾಲ್ಕಾರು ಮನೆಯವರ ಜೊತೆ ಕೂತು ಮಾತಾಡಬೇಕು. ಅದು ಸದಸ್ಯರಿಗಿಂತ ನಿಮ್ಮಂಥವರಿಗೆ ಸುಲಭ, ಯಾಕೆಂದರೆ ನೀವು ಓಟು ಕಳೆದುಕೊಳ್ಳುವ ಭಯದಲ್ಲಿಲ್ಲ.

ಈ ಪ್ರಶ್ನೆಗಳನ್ನು ಒಂದೇ ಪುಟದ ಅರ್ಜಿಯಲ್ಲಿ ಬರೆಯಿರಿ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದಕ್ಕೆ ಸೀಲು, ತಾರೀಖು, ಇನ್‌ವಾರ್ಡ್ ನಂಬರ್ ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ನೋಡ್ತೀವಿ" ಅಂದರೆ ನಗುತ್ತಲೇ ನಿಲ್ಲಿ, ಸೀಲು ಬೀಳುವವರೆಗೆ ಹೊರಡಬೇಡಿ.

ಮಾಹಿತಿ ಹಕ್ಕು ಅರ್ಜಿ ಹಾಕಲೇ ಅಂತ ನೀವು ಮುಂದೆ ಕೇಳುತ್ತೀರಿ. ಹಾಕಬಹುದು. 2005ರ ಕಾಯ್ದೆ ಪ್ರಕಾರ 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. ಈ ಮಿತಿ ಗೊತ್ತಿಲ್ಲದೆ ಮೂರು ಪುಟ ಬರೆದು ತಿರಸ್ಕಾರ ಮಾಡಿಸಿಕೊಳ್ಳುವವರು ಜಾಸ್ತಿ. ಆದರೆ ನನ್ನ ಸಲಹೆ, ಇದನ್ನು ಮೊದಲ ಹೆಜ್ಜೆ ಮಾಡಬೇಡಿ. ಪಟ್ಟಣದಲ್ಲಿ ಅದೊಂದು ಅರ್ಜಿ ಅಷ್ಟೇ. ಊರಲ್ಲಿ ಅದನ್ನು ಜಗಳಕ್ಕೆ ಕರೆದಂತೆ ನೋಡುತ್ತಾರೆ. ಸಾಮಾನ್ಯ ಅರ್ಜಿಗೆ ತಿಂಗಳಾದರೂ ಉತ್ತರ ಬರಲಿಲ್ಲ ಅಂದಾಗ ಹಾಕಿ. ಆಗ ಊರವರೂ "ಹುಡುಗರು ಮೊದಲು ಕೇಳಿದ್ರಲ್ಲ, ಕೊಡಬೇಕಿತ್ತು" ಅಂತಾರೆ.

ಅದಕ್ಕಿಂತ ಒಳ್ಳೆಯ, ಜನ ಮರೆತೇ ಹೋದ ದಾರಿ ಜಮಾಬಂದಿ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ, ಹಿಂದಿನ ವರ್ಷದ ಲೆಕ್ಕ ಮತ್ತು ಕಾಮಗಾರಿಗಳನ್ನು ಅಧಿಕಾರಿಗಳು ಸಾರ್ವಜನಿಕರ ಎದುರೇ ಪರಿಶೀಲಿಸಬೇಕು. ಕಡತ ಮೇಜಿನ ಮೇಲಿರುತ್ತದೆ. ನೋಡಬಹುದು, ಕೇಳಬಹುದು. ಎಷ್ಟೋ ಕಡೆ ಅವತ್ತು ಸಿಬ್ಬಂದಿ ಬಿಟ್ಟರೆ ಯಾರೂ ಇರುವುದಿಲ್ಲ. ನಿಮ್ಮಲ್ಲಿ ನಾಲ್ಕು ಜನ, ಆ ನೋಟ್‌ಬುಕ್ ಹಿಡಿದು, ಸುಮ್ನೆ ಹೋಗಿ ಕೂತರೂ ಸಾಕು, ಆ ದಿನದ ಗಾಳಿಯೇ ಬದಲಾಗುತ್ತದೆ.

ಈಗ ಸಭೆಯ ವಿಷಯ. ಗ್ರಾಮ ಸಭೆಗೆ ಜನ ಬರಲ್ಲ ಎಂದು ಬರೆದಿದ್ದೀರಿ. ನಿಜ. ಆದರೆ ನೀವು ಹಿಡಿಯಬೇಕಾದದ್ದು ಅದಕ್ಕೂ ಮೊದಲು ನಡೆಯುವ ವಾರ್ಡ್ ಸಭೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಲ್ಲಿ ಎರಡಕ್ಕೂ ಜಾಗ ಇದೆ. ಎರಡೂ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ವಾರ್ಡಿನ ಬೇಡಿಕೆಗಳು ಮೊದಲು ಪಟ್ಟಿಯಾಗುವುದು, ಯಾವುದು ಮೊದಲು ಯಾವುದು ಆಮೇಲೆ ಎಂದು ತೀರ್ಮಾನವಾಗುವುದು ವಾರ್ಡ್ ಸಭೆಯಲ್ಲಿ. ಗ್ರಾಮ ಸಭೆಗೆ ಬರುವ ಹೊತ್ತಿಗೆ ಪಟ್ಟಿ ಹೆಚ್ಚುಕಡಿಮೆ ಸಿದ್ಧವಾಗಿರುತ್ತದೆ.

ವಾರ್ಡ್ ಸಭೆಯ ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಜನ, ಎಷ್ಟು ಗೊತ್ತಾ? ವಾರ್ಡಿನ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅದು. ಗ್ರಾಮ ಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಜನ, ಜೊತೆಗೆ ಪ್ರತಿ ವಾರ್ಡಿನಿಂದ ಕನಿಷ್ಠ ಹತ್ತು ಜನ. ನೀವು ಹದಿನೈದು ಜನ ಇದ್ದೀರಿ. ಒಂದೇ ವಾರ್ಡಿನವರಾಗಿದ್ದು, ಎಲ್ಲರ ಹೆಸರೂ ಮತದಾರರ ಪಟ್ಟಿಯಲ್ಲಿದ್ದರೆ, ಕೋರಂನ ಮುಕ್ಕಾಲು ಪಾಲು ನೀವೇ! ನೀವು ಬಂದರೆ ಸಭೆ, ಬರದಿದ್ದರೆ ಮುಂದೂಡಿಕೆ. ನಿಮ್ಮನ್ನು ಕೆಲಸ ಹುಡುಕ್ಕೊಳ್ಳಿ ಎಂದ ಸದಸ್ಯರೇ ಆ ಸಭೆಯ ಅಧ್ಯಕ್ಷತೆ ವಹಿಸುವವರು. ಅವರಿಗೂ ಇಪ್ಪತ್ತು ತಲೆ ಬೇಕು. ಇದನ್ನು ಬೆದರಿಕೆಯಾಗಿ ಬಳಸಬೇಡಿ. "ಅಣ್ಣ, ಈ ಸಲ ವಾರ್ಡ್ ಸಭೆಗೆ ಜನ ಸೇರಿಸೋ ಜವಾಬ್ದಾರಿ ನಮ್ಮದು" ಎಂದು ನೀವೇ ಹೋಗಿ ಹೇಳಿ. ಆ ಮಾತಿನ ನಂತರ ಅವರು ನಿಮ್ಮ ಜೊತೆ ಮಾತಾಡುವ ರೀತಿ ಬೇರೆಯಾಗುತ್ತದೆ.

ಹೊತ್ತೂ ಮುಖ್ಯ. ಮುಂದಿನ ವರ್ಷದ ಯೋಜನೆ ತಯಾರಿ ಸಾಮಾನ್ಯವಾಗಿ ಅಕ್ಟೋಬರ್ 2ರ ಸುಮಾರಿಗೆ ಶುರುವಾಗಿ ಚಳಿಗಾಲದ ಉದ್ದಕ್ಕೂ ನಡೆಯುತ್ತದೆ. ಏಪ್ರಿಲ್‌ನಲ್ಲಿ ಹೋಗಿ ಗಾಡಿ ಕೇಳಿದರೆ ಅವರು "ಈ ವರ್ಷ ಮುಗೀತು" ಎನ್ನುವುದು ಸುಳ್ಳಲ್ಲ. ಯುವ ಸಂಘಗಳ ಉತ್ಸಾಹ ಬೇಸಿಗೆ ರಜೆಯಲ್ಲಿ ಉಕ್ಕುತ್ತದೆ, ಪಂಚಾಯಿತಿಯ ಯೋಜನೆ ಅಕ್ಟೋಬರ್‌ನಿಂದ ತಯಾರಾಗುತ್ತದೆ. ಎರಡೂ ಭೇಟಿಯೇ ಆಗುವುದಿಲ್ಲ.

ಸಭೆಯಲ್ಲಿ ಕೂತಾಗ ಕಣ್ಣು ನಡಾವಳಿ ಪುಸ್ತಕದ ಮೇಲಿರಲಿ. ಬಾಗಿಲಲ್ಲೇ ಖಾಲಿ ಹಾಳೆಗೆ ಹಾಜರಿ ಸಹಿ ತೆಗೆದುಕೊಂಡು, ನಡಾವಳಿಯನ್ನು ಆಮೇಲೆ ಬರೆಯುವ ಅಭ್ಯಾಸ ಕೆಲವು ಕಡೆ ಇದೆ. ತಲೆಬರಹ ಮತ್ತು ದಿನಾಂಕ ಇರುವ ಹಾಳೆಗೆ ಮಾತ್ರ ಸಹಿ ಹಾಕಿ. ಸಭೆ ಮುಗಿಯುವಾಗ "ಬರೆದದ್ದನ್ನು ಒಮ್ಮೆ ಓದಿಬಿಡಿ ಸರ್" ಎಂದು ಒಬ್ಬರು ಎದ್ದು ಕೇಳಬೇಕು. ಯಾರು ಕೇಳಬೇಕು ಎಂದು ಮೊದಲೇ ಗೊತ್ತು ಮಾಡಿಕೊಂಡು ಹೋಗಿ. ಇಲ್ಲದಿದ್ದರೆ ಹದಿನೈದೂ ಜನ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರುತ್ತೀರಿ. ಮತ್ತು ದಯವಿಟ್ಟು ಒಂದೇ ಬೇಡಿಕೆ ಇಟ್ಟುಕೊಂಡು ಹೋಗಿ. ಕಸ, ಬೀದಿ ದೀಪ, ಜಿಮ್, ಬಸ್ಸು, ಮೊಬೈಲ್ ಟವರ್ ಎಲ್ಲ ಒಟ್ಟಿಗೆ ಹೇಳಿದರೆ ಯಾವುದೂ ಬರೆಯಲ್ಪಡುವುದಿಲ್ಲ.

ಸದಸ್ಯರ ಬಗ್ಗೆ ಸ್ವಲ್ಪ ಹೇಳಲೇಬೇಕು. ನಿಮಗೆ ಸಿಟ್ಟಿದೆ, ಸರಿ. ಆದರೆ ಅವರ ಮನೆ ಮುಂದೆ ಬೆಳಿಗ್ಗೆ ಬಂದು ನಿಲ್ಲುವವರು ಕೇಳುವುದು ಮನೆ, ಪಿಂಚಣಿ, ಇ-ಸ್ವತ್ತು ಎಂಬ ಆಸ್ತಿ ದಾಖಲೆ. ಊರಿನ ಕಸದ ಬಗ್ಗೆ ಕೇಳಲು ಬಂದವರು ನೀವೇ ಮೊದಲಿರಬಹುದು. ಅದರ ಮೇಲೆ, ಓಡಾಡುವ ಹುಡುಗರನ್ನು ಕಂಡರೆ "ನಾಳೆ ನನ್ನ ಎದುರು ನಿಲ್ಲೋರು ಇವರೇ" ಎಂಬ ಅಳುಕು ಅವರಿಗೆ ಇದ್ದೇ ಇರುತ್ತದೆ. ಕೆಲಸವಾದರೆ ಅದರ ಹೆಸರು ಅವರಿಗೆ ಹೋಗಲಿ ಬಿಡಿ. ಗಾಡಿಗೆ ಅವರೇ ಪೂಜೆ ಮಾಡಲಿ. ನಿಮಗೆ ಬೇಕಿರುವುದು ಗಾಡಿ, ಅಲ್ವಾ?

ಕೆರೆ ಸ್ವಚ್ಛತೆ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಸ್ವಲ್ಪ ಕಹಿಯಾಗಬಹುದು. ಪಂಚಾಯಿತಿ ಮಾಡಬೇಕಾದ ಕೆಲಸವನ್ನು ಯುವಕರು ಪುಕ್ಕಟೆ ಮಾಡಿಕೊಟ್ಟರೆ ಮುಂದಿನ ವರ್ಷವೂ ನಿಮ್ಮನ್ನೇ ಕಾಯುತ್ತಾರೆ. ಶ್ರಮದಾನ ಬೇಡ ಎನ್ನುತ್ತಿಲ್ಲ. ಅದಕ್ಕೆ ಮುಂಚೆ ಪಂಚಾಯಿತಿಯಿಂದ ಒಂದು ಮಾತು ಬರಹದಲ್ಲಿ ತೆಗೆದುಕೊಳ್ಳಿ: ನಾವು ಒಂದು ದಿನ ಎತ್ತುತ್ತೇವೆ, ಆಮೇಲೆ ವಾರಕ್ಕೊಮ್ಮೆ ನೀವು ಸಾಗಿಸಬೇಕು. ಇನ್ನೊಂದು, ಕೆರೆ ಯಾರ ಸುಪರ್ದಿನಲ್ಲಿದೆ ಅಂತ ವಿಚಾರಿಸಿ. 40 ಹೆಕ್ಟೇರಿಗಿಂತ ಜಾಸ್ತಿ ಅಚ್ಚುಕಟ್ಟು (ಕೆರೆ ನೀರು ಹಾಯುವ ಜಮೀನು) ಇರುವ ಕೆರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯದು. ಅಂಥ ಕೆರೆಯ ಹೂಳಿನ ಬಗ್ಗೆ ಪಿಡಿಓ ಜೊತೆ ವರ್ಷವಿಡೀ ಜಗಳವಾಡಿದರೂ ಅವರ ಕೈಯಲ್ಲಿ ಏನೂ ಇಲ್ಲ.

ಹುಡುಗಿಯರ ಪ್ರಶ್ನೆ ನಿಮ್ಮ ಪತ್ರದ ಕೊನೆಗೆ ಬಂದಿದೆ. ನಾನಾಗಿದ್ದರೆ ಮೊದಲ ಸಾಲಲ್ಲಿ ಬರೆಯುತ್ತಿದ್ದೆ. ವಾರ್ಡ್ ಸಭೆಗೆ ಬಂದವರಲ್ಲಿ ಶೇ 30ರಷ್ಟು ಮಹಿಳೆಯರಿರಬೇಕು ಎಂದು ಕಾನೂನೇ ಹೇಳುತ್ತದೆ. 1987ರಲ್ಲಿ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗಲೇ ಮಹಿಳೆಯರಿಗೆ ಶೇ 25ರ ಮೀಸಲಾತಿ ಇತ್ತು. ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಕಾಲ. ದೇಶಕ್ಕೆಲ್ಲ ಪಂಚಾಯಿತಿ ವ್ಯವಸ್ಥೆ ತಂದ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಆಮೇಲೆ. ಈಗ ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದು. ಇಷ್ಟಾದರೂ ಎಷ್ಟೋ ಕಡೆ "ಅಧ್ಯಕ್ಷರ ಯಜಮಾನರು" ಕುರ್ಚಿಯಲ್ಲಿ ಕೂತಿರುತ್ತಾರೆ.

ನಿಮ್ಮ ಸಂಘದಲ್ಲಿ ಮಾಡಬಹುದಾದದ್ದು ಸರಳ. ನಿಮ್ಮ ಸಭೆ ಎಲ್ಲಿ, ಎಷ್ಟು ಹೊತ್ತಿಗೆ ನಡೆಯುತ್ತದೆ ನೋಡಿ. ರಾತ್ರಿ ಎಂಟಕ್ಕೆ ಅರಳಿಕಟ್ಟೆ ಮೇಲೆ ಆದರೆ ಯಾವ ಮನೆಯವರೂ ಕಳಿಸುವುದಿಲ್ಲ, ಅದು ಮನೆಯವರ ತಪ್ಪೂ ಅಲ್ಲ. ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲಿಗೆ ಸಂಜೆ ನಾಲ್ಕಕ್ಕೆ ಬದಲಾಯಿಸಿ. ಒಕ್ಕೂಟದ ಅಕ್ಕಂದಿರನ್ನು ಕರೆಯಿರಿ. ಕಸದ ವಿಷಯ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು, ಅವರು ಇದ್ದರೆ ಹುಡುಗಿಯರ ಮನೆಯಲ್ಲೂ ಒಪ್ಪುತ್ತಾರೆ. ಮತ್ತು ಸಂಘದ ಲೆಕ್ಕ, ನೋಟ್‌ಬುಕ್, ಪಂಚಾಯಿತಿಯಲ್ಲಿ ಮಾತಾಡುವ ಜವಾಬ್ದಾರಿಯಲ್ಲಿ ಅವರಿಗೂ ಪಾಲಿರಲಿ. ಕುರ್ಚಿ ಜೋಡಿಸುವುದು, ಟೀ ಕೊಡುವುದು ಮಾತ್ರ ಅವರ ಪಾಲಿಗೆ ಬಂದರೆ ಅವರು ಬರದಿರುವುದೇ ಸರಿ.

ಸಂಘದಲ್ಲಿ 18 ತುಂಬದವರು ಇದ್ದರೆ ಅವರಿಗೂ ಜಾಗ ಇದೆ. ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮ ಸಭೆ ನಡೆಸಬೇಕೆಂದು ಸರ್ಕಾರ 2006ರಲ್ಲೇ ಹೇಳಿದೆ. ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ನಡೆಯುತ್ತದೆ. ಅದಕ್ಕೂ ಎಷ್ಟೋ ಮೊದಲು, ತೊಂಬತ್ತರ ದಶಕದಲ್ಲೇ, ಕುಂದಾಪುರ ತಾಲ್ಲೂಕಿನ ಕೆರಾಡಿಯಂಥ ಊರುಗಳಲ್ಲಿ ಮಕ್ಕಳ ಪಂಚಾಯಿತಿ ಕೆಲಸ ಮಾಡಿ ತೋರಿಸಿತ್ತು. ಮಕ್ಕಳು ಶಾಲೆ ದಾರಿಯ ಕಸದ ಗುಡ್ಡೆ ಬಗ್ಗೆ ಎದ್ದು ಕೇಳಿದರೆ ಅದಕ್ಕೆ "ರಾಜಕೀಯ" ಅಂತ ಹೆಸರಿಡಲು ಆಗುವುದಿಲ್ಲ.

ಇನ್ನು ಧರಣಿ. ಉತ್ತರ ಕನ್ನಡದ ಅಪ್ಪಿಕೋ ಚಳವಳಿ ನಿಮಗೆ ಗೊತ್ತಿರಬೇಕು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಬಳಿಯ ಸಾಲ್ಕಣಿ ಭಾಗದ ಜನ ಕಳಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತರು. ಎಲ್ಲರಿಗೂ ನೆನಪಿರುವುದು ಆ ಅಪ್ಪುಗೆ. ಅದರ ಹಿಂದೆ ಅಲ್ಲಿನ ಒಂದು ಯುವಕ ಮಂಡಳಿ ಇತ್ತು. ಅವರು ಮೊದಲು ಮಾಡಿದ್ದು ಕಾಡು ಕಡಿಯುವುದನ್ನು ನಿಲ್ಲಿಸಿ ಎಂದು ಅರಣ್ಯ ಇಲಾಖೆಗೆ ಪತ್ರ ಬರೆದದ್ದು. ಪತ್ರಕ್ಕೆ ಬೆಲೆ ಸಿಗಲಿಲ್ಲ. ಆಮೇಲೆ ಹಿಮಾಲಯದ ಚಿಪ್ಕೊ ಚಳವಳಿಯ ಸುಂದರಲಾಲ್ ಬಹುಗುಣ ಅವರನ್ನು ಕರೆಸಿದರು, ಊರವರನ್ನು ಸೇರಿಸಿದರು, ಮರ ಉಳಿಸುವ ಪ್ರತಿಜ್ಞೆ ಮಾಡಿಸಿದರು. ಮರ ಅಪ್ಪಿದ್ದು ಎಲ್ಲ ಮುಗಿದ ಮೇಲಿನ ಹೆಜ್ಜೆ. ಹಾಗಾಗಿ ಅದರ ಹಿಂದೆ ಊರೇ ನಿಂತಿತ್ತು. ನಿಮ್ಮ ಕೈಯಲ್ಲಿ ಸೀಲು ಬಿದ್ದ ಎರಡು ಅರ್ಜಿ, ವಾರ್ಡ್ ಸಭೆಯ ಒಂದು ಠರಾವು, ಉತ್ತರ ಬರದೆ ಕಳೆದ ಮೂರು ತಿಂಗಳು ಇದ್ದರೆ ಧರಣಿ ಕೂರಿ, ನಾನೇ ಬೆನ್ನು ತಟ್ಟುತ್ತೇನೆ. ಅದಕ್ಕೂ ಮುಂಚೆ ಒಮ್ಮೆ ತಾಲ್ಲೂಕು ಪಂಚಾಯಿತಿಯ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ ಅದೇ ಅರ್ಜಿಯ ಪ್ರತಿ ಕೊಟ್ಟು ನೋಡಿ. ಬಹಳಷ್ಟು ಕೆಲಸ ಅಲ್ಲೇ ಕದಲುತ್ತದೆ.

ಚುನಾವಣೆ ಬಗ್ಗೆ. ಪಂಚಾಯಿತಿಗೆ ನಿಲ್ಲಲು 21 ವರ್ಷ ತುಂಬಿರಬೇಕು. ವಿಧಾನಸಭೆಗೆ 25. ಅಂದರೆ ನಿಮ್ಮ ವಯಸ್ಸಿನವರಿಗೆ ತೆರೆದಿರುವ ಬಾಗಿಲು ಸ್ಥಳೀಯ ಸಂಸ್ಥೆಗಳದ್ದೇ. ಪಕ್ಕದ ಕೇರಳದಲ್ಲಿ 2020ರ ಡಿಸೆಂಬರ್‌ನಲ್ಲಿ ಆರ್ಯಾ ರಾಜೇಂದ್ರನ್ 21ನೇ ವಯಸ್ಸಿಗೆ ತಿರುವನಂತಪುರದ ಮೇಯರ್ ಆದರು. ಅವರ ಬೆನ್ನಿಗೆ ಪಕ್ಷ ಇತ್ತು. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಸುಮಾರು 400 ಜನರಿಗೆ ಒಬ್ಬ ಸದಸ್ಯ. ಇಷ್ಟು ಸಣ್ಣ ಲೆಕ್ಕದಲ್ಲಿ ನೀವು ಎಂಥವರು ಅನ್ನುವುದು ಪ್ರತಿ ಮನೆಗೂ ಗೊತ್ತಿರುತ್ತದೆ. ಅದು ನಿಮಗೆ ಲಾಭವೂ ಹೌದು, ನಷ್ಟವೂ ಹೌದು. ಜಾತಿ, ಕುಟುಂಬ, ದುಡ್ಡು ಲೆಕ್ಕಕ್ಕೆ ಬರುವುದಿಲ್ಲ ಎಂದು ನಾನು ಹೇಳಿದರೆ ನೀವೇ ನಗುತ್ತೀರಿ. 2020ರ ಚುನಾವಣೆಯಲ್ಲಿ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಬಂದಿತ್ತು. ನಿಮ್ಮೂರಲ್ಲಿ ಅಂಥ ಮಾತು ಶುರುವಾದರೆ ಚುನಾವಣಾಧಿಕಾರಿಗೆ ಬರಹದಲ್ಲಿ ತಿಳಿಸಿ.

ಈಗಲೇ ನಿಲ್ಲುವ ತೀರ್ಮಾನ ಬೇಡ ಎನ್ನುವುದಕ್ಕೆ ಒಂದು ಸಾದಾ ಕಾರಣವೂ ಇದೆ. ವಾರ್ಡಿನ ಮೀಸಲಾತಿ ಸರದಿಯಲ್ಲಿ ಬದಲಾಗುತ್ತದೆ. ಯಾರಿಗೆ ಬರುತ್ತದೋ ಪಟ್ಟಿ ಹೊರಬಿದ್ದಾಗಲೇ ಗೊತ್ತು. ಒಬ್ಬನನ್ನು "ನಮ್ಮ ಕ್ಯಾಂಡಿಡೇಟ್" ಎಂದು ಈಗಲೇ ಮುಂದೆ ಮಾಡಿದರೆ, ಅರ್ಜಿ ಕೊಟ್ಟಿದ್ದೆಲ್ಲ ಓಟಿಗೆ ಅಂತ ಊರು ಅಂದುಕೊಳ್ಳುತ್ತದೆ. ವಾರ್ಡು ಮಹಿಳಾ ಮೀಸಲಾದರೆ ಅವನ ಉತ್ಸಾಹವೂ ಅಲ್ಲಿಗೇ ಮುಗಿಯುತ್ತದೆ. ಅದರ ಬದಲು ಇಬ್ಬರು ಮೂವರು ಹುಡುಗಿಯರೂ ಸೇರಿದಂತೆ ನಾಲ್ಕೈದು ಜನರಿಗೆ ಸಭೆ, ಲೆಕ್ಕ, ಕಡತ ಓದುವುದು ಕಲಿಸಿ. ಪಟ್ಟಿ ಬಂದಾಗ ಯಾರು ನಿಲ್ಲಬಹುದೋ ಅವರು ನಿಲ್ಲಲಿ.

ಸದ್ಯಕ್ಕೆ ಮಾಡಲೇಬೇಕಾದ್ದು ಮತದಾರರ ಪಟ್ಟಿ ನೋಡುವುದು. 18 ತುಂಬಿದವರನ್ನು ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳ ಲೆಕ್ಕದಲ್ಲಿ ಸೇರಿಸುತ್ತಾರೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ನಮೂನೆ 6 ತುಂಬಿ ಬಿಎಲ್‌ಓಗೆ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿಗೆ, ಕೊಡಬೇಕು. ಸಂಘದಲ್ಲಿ ಬೆಂಗಳೂರಿಗೋ ಮೈಸೂರಿಗೋ ಕೆಲಸಕ್ಕೆ ಹೋಗಿ ಹೆಸರು ಅಲ್ಲಿಗೆ ಬದಲಾಯಿಸಿಕೊಂಡವರು ಇರುತ್ತಾರೆ. ಅವರು ನಿಮ್ಮ ವಾರ್ಡ್ ಸಭೆಯ ಕೋರಂಗೆ ಲೆಕ್ಕಕ್ಕಿಲ್ಲ. ಹದಿನೈದರಲ್ಲಿ ನಿಜವಾಗಿ ಎಷ್ಟು ಜನ ಉಳಿಯುತ್ತೀರಿ ಎಂದು ಎಣಿಸಿ, ಬಾಕಿ ಎಷ್ಟು ಮನೆಯವರನ್ನು ಕರೆದುಕೊಂಡು ಹೋಗಬೇಕು ಎಂದು ಈಗಲೇ ಗೊತ್ತು ಮಾಡಿಕೊಳ್ಳಿ.